ಚಿಂಚೋಳಿಯ ಸಣ್ಣ ಅಂಕಿ

ಎರಡನೇ ಅಲೆಯ ಆ ಬೇಸಿಗೆಯಲ್ಲಿ ಸೇಡಂನ ನನ್ನ ಅಡತಿ ಅಂಗಡಿಯ ಬಾಗಿಲು ಅರ್ಧ ಮಾತ್ರ ತೆರೆದಿರುತ್ತಿತ್ತು. ತೊಗರಿ ಬರುತ್ತಿರಲಿಲ್ಲ, ಹಮಾಲರು ಊರಿಗೆ ಹೋಗಿದ್ದರು, ತಕ್ಕಡಿಯ ಮೇಲೆ ಬೆಕ್ಕು ಮಲಗುತ್ತಿತ್ತು. ಆದರೂ ಸಂಜೆಯಾದರೆ ಓಣಿಯ ಕೆಲವರು ಕಟ್ಟೆಯ ಮೇಲೆ ದೂರ ದೂರ ಕುಳಿತು ಮೊಬೈಲ್ ನೋಡುತ್ತಿದ್ದರು. ಯಾವ ತಾಲ್ಲೂಕಿನಲ್ಲಿ ಎಷ್ಟು ಮಂದಿಗೆ ಕೊರೊನಾ ಬಂತು ಎಂಬ ಜಿಲ್ಲೆಯ ಪಟ್ಟಿ ಬರುವ ಹೊತ್ತು ಅದು. ಪೇಟೆಯ ಧಾರಣೆ ಓದುವ ಹಾಗೆಯೇ ನಾವು ಅದನ್ನು ಓದುತ್ತಿದ್ದೆವು.

“ಶಹಾಬಾದ್ ಮತ್ತ ಏರ್ಯಾದ ನೋಡ್ರಿ.”

“ನಮ್ಮ ಸೇಡಂ?”

“ನಿಂತಲ್ಲೇ ನಿಂತದ.”

“ವಾಡಿ ಹೇಳೋ ಮಾರಾಯಾ, ನಮ್ಮ ಬೀಗರು ಅಲ್ಲೇ ಇದ್ದಾರ.”

“ಪಟ್ಟಿನಾಗ ವಾಡಿಗಿ ಬ್ಯಾರೆ ಮನಿ ಎಲ್ಲದ? ಅದು ಚಿತ್ತಾಪುರದಾಗ ಬರ್ತದ. ವಾಡಿಯವರು ಕೆಮ್ಮಿದ್ರ ಚಿತ್ತಾಪುರದವರಿಗಿ ಹೆಸರು!”

ಎಲ್ಲರೂ ನಗುತ್ತಿದ್ದರು. ಆಮೇಲೆ ಯಾರಾದರೂ ಒಬ್ಬರು ಚಿಂಚೋಳಿಯ ಅಂಕಿ ಓದುತ್ತಿದ್ದರು. ಅದು ಯಾವಾಗಲೂ ಎಲ್ಲಕ್ಕಿಂತ ಸಣ್ಣದು. “ಪುಣ್ಯವಂತರಪ್ಪ ಅವರು,” ಎಂದು ಕಟ್ಟೆಯೇ ನಿಟ್ಟುಸಿರು ಬಿಡುತ್ತಿತ್ತು.

ನಾನು ಈ ಪೇಟೆಗೆ ಬಂದದ್ದು ಚೀಲ ಹೊರಲು. ಅಂಗಡಿ ಮಾಡಿಕೊಂಡದ್ದು ಅಂಕಿ ಓದಲು ಕಲಿತ ಮೇಲೆ. ಆವಕ ಕಡಿಮೆ ಎಂದರೆ ಬೆಳೆ ಕಡಿಮೆ ಎಂದು ನಂಬುವವನು ಒಂದೇ ಹಂಗಾಮಿನಲ್ಲಿ ಮುಳುಗುತ್ತಾನೆ. ಆವಕ ಎಂದರೆ ಪೇಟೆಗೆ ಬಂದು ತೂಗಿದ ಮಾಲು ಮಾತ್ರ. ರೈತ ಮನೆಯಲ್ಲಿ ಮುಚ್ಚಿಟ್ಟ ಮಾಲು ಅದರಲ್ಲಿ ಇರುವುದಿಲ್ಲ. ಅದಕ್ಕೇ ನಾನು ಸುಗ್ಗಿಯ ಮುಂದೆ ಗೋಣಿಚೀಲ ಮಾರುವವನ ಹತ್ತಿರ ಕುಳಿತು ಚಹಾ ಕುಡಿಯುತ್ತೇನೆ. ಯಾವ ಊರಿನವರು ಹೆಚ್ಚು ಚೀಲ ಒಯ್ದರು ಎಂದು ಗೊತ್ತಾದರೆ ಆ ಊರಿನ ಹೊಲ ನೋಡುವ ಅಗತ್ಯವಿಲ್ಲ. ಹೊಸದಾಗಿ ವ್ಯಾಪಾರಕ್ಕೆ ಇಳಿಯುವವರಿಗೆ ಈಗಲೂ ನನ್ನ ಮೊದಲ ಮಾತು ಇದೇ: ತೂಗಿದ್ದನ್ನು ನೋಡಬೇಡಿ, ತೂಗದೆ ಉಳಿದದ್ದು ಎಲ್ಲಿದೆ ಎಂದು ಕೇಳಿ.

ನನ್ನ ಅಕ್ಕ ಶಹಾಬಾದಿನಲ್ಲಿದ್ದಳು. ಅವ್ವ ಕೂಲಿಗೆ ಹೋದಾಗ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಸಕ್ಕರೆ ಕಾಯಿಲೆ ಇತ್ತು. ಭಾವ ಪರಸಿ ಕಲ್ಲಿನ ಗಣಿಯಲ್ಲಿ ಕೂಲಿಗಳ ಮುಕಾದಮನಾಗಿದ್ದು ಕೆಲಸ ಬಿಟ್ಟು ಮನೆಯಲ್ಲಿದ್ದರು. ಒಬ್ಬಳೇ ಮಗಳನ್ನು ಚಿಂಚೋಳಿ ಕಡೆ, ಚಂದಾಪುರದ ಪಕ್ಕದ ಹಳ್ಳಿಗೆ ಕೊಟ್ಟಿದ್ದರು. ಆಕೆ ಚೊಚ್ಚಲ ಬಸುರಿ. ನಮ್ಮಲ್ಲಿ ಕುಬಸ, ಅಂದರೆ ಸೀಮಂತ, ಮಾಡಿ ಮಗಳನ್ನು ತವರಿಗೆ ಕರೆತರುತ್ತಾರೆ, ಮೊದಲ ಹೆರಿಗೆ ತಾಯಿಯ ಮನೆಯಲ್ಲೇ ಆಗಬೇಕು. ಒಂದು ದಿನ ಅಕ್ಕ ಫೋನು ಮಾಡಿದಳು.

“ತಮ್ಮಾ, ನಾ ಚಿಂಚೋಳಿಗಿ ಹೊಂಟೀನಿ.”

“ಪೋರಿಗಿ ಕರಕೊಂಡು ಬರಲಿಕ್ಕೇನು?”

“ಇಲ್ಲೋ, ಇಲ್ಲಿ ಹ್ಯಾಂಗ ಕರಕೊಂಡು ಬರ್ಲಿ? ಶಹಾಬಾದಿಂದು ದಿನಾ ಏರಲಿಕತ್ತದ. ಅಲ್ಲಿ ನೋಡು, ಏನೂ ಇಲ್ಲ. ಹೆರಿಗಿ ಆಗೋತನಕ ನಾನೇ ಹೋಗಿ ಅಲ್ಲಿರ್ತೀನಿ. ಬೀಗರೂ ಹೂಂ ಅಂದಾರ.”

“ತಾಯೇ ಮಗಳ ಮನಿಗಿ ಹೋಗೋದಾ?”

“ಕಾಲ ಹಂಗದ, ಏನ್ ಮಾಡ್ತಿ?”

ಫೋನಿಟ್ಟು, ಚಂದಾಪುರದಲ್ಲಿ ಔಷಧಿ ಅಂಗಡಿ ಇಟ್ಟಿರುವ ಗೆಳೆಯನಿಗೆ ಫೋನು ಹಚ್ಚಿದೆ. ಅವನ ಮನೆಗೆ ವರ್ಷದ ಬೇಳೆ ನನ್ನಿಂದಲೇ ಹೋಗುತ್ತದೆ.

“ಜ್ವರದ ಗುಳಿಗಿ ಹ್ಯಾಂಗ ಹೊಂಟಾವ?” ಎಂದು ಕೇಳಿದೆ.

“ಏನ್ ಕೇಳ್ತೀರಿ ಸಾವಕಾರ್ರ! ಮುಂಜಾನಿ ಡಬ್ಬಿ ಒಡದ್ರ ಊಟದ ಹೊತ್ತಿಗಿ ಖಾಲಿ. ಕೆಮ್ಮಿನ ಔಷಧ ಹೈದರಾಬಾದಿನಿಂದ ತರಸಲಿಕತ್ತೀನಿ.”

“ಮತ್ತ ಪಟ್ಟಿನಾಗ ಏನೂ ಇಲ್ಲಲ್ಲ?”

“ತಪಾಸಣಿಗಿ ಯಾರು ಹೋಗ್ತಾರ್ರಿ? ಹೆಸರು ಬಂದ್ರ ಓಣಿಗಿ ಬೊಂಬು ಕಟ್ಟಿ ಬಂದ್ ಮಾಡ್ತಾರ, ನೀರಿಗೂ ಯಾರೂ ಕರಿಯಂಗಿಲ್ಲ. ಇಲ್ಲಿ ಎಲ್ಲಾರಿಗೂ ಬಿಸಿಲಿನ ಜ್ವರಾ.”

ನನಗೆ ಬೇಕಾದದ್ದು ಸಿಕ್ಕಿತು. ವಾಡಿ, ಶಹಾಬಾದಿನ ಕಡೆ ಕೆಲಸಕ್ಕೆ ಹೋಗುವವರಿಗೆ ಕಾರ್ಖಾನೆಯ ಗೇಟಿನಲ್ಲೇ ತಪಾಸಣೆಯ ಚೀಟಿ ಕೇಳುತ್ತಿದ್ದರು. ಅಲ್ಲಿ ರೋಗ ತಕ್ಕಡಿಗೆ ಬರುತ್ತಿತ್ತು, ಅಂಕಿ ಏರುತ್ತಿತ್ತು. ಚಿಂಚೋಳಿ ಕಡೆ ಮನೆಮನೆಯಲ್ಲಿ ಮುಚ್ಚಿಟ್ಟಿದ್ದರು, ಅಂಕಿ ಸಣ್ಣದಿತ್ತು.

ಅಕ್ಕನಿಗೆ ಮತ್ತೆ ಫೋನು ಮಾಡಿ ಬಿಡಿಸಿ ಹೇಳಿದೆ. ನನ್ನ ಜೀವಮಾನದ ಚೌಕಾಸಿಯನ್ನೆಲ್ಲ ಅವತ್ತು ಮಾಡಿದೆ. ಹೋಗಬೇಡ ಎಂದೆ. ಹೋಗಲೇಬೇಕಾದರೆ ಹದಿನೈದು ದಿನ ತಡೆ ಎಂದೆ. ಅದೂ ಆಗದಿದ್ದರೆ ಹುಡುಗಿಯನ್ನು ಸೇಡಂಗೆ, ನಮ್ಮ ಮನೆಗೆ ಕಳಿಸಲಿ, ಮಹಡಿಯ ಕೋಣೆ ಖಾಲಿ ಇದೆ, ನೀನೂ ಇಲ್ಲೇ ಬಾ ಎಂದೆ. ಅಕ್ಕ ಸ್ವಲ್ಪ ಮೆತ್ತಗಾದಳು. ಆಗ ಭಾವ ಫೋನು ಕಸಿದುಕೊಂಡರು.

“ಏನ್ ಸಾವಕಾರ್ರ, ಸರಕಾರಕ್ಕಿಂತ ಭಾಳ ಶಾಣ್ಯಾ ಆಗೀರಿ?”

“ಹಂಗಲ್ರಿ, ಗುಳಿಗಿ ಮಾರಾಟ ನೋಡ್ರಿ...”

“ನಿಮಗ ಕಮ್ಮಿ ಇದ್ರ ಜಾಸ್ತಿ, ಜಾಸ್ತಿ ಇದ್ರ ಕಮ್ಮಿ. ಇದೇನು ತೊಗರಿ ಅಂತ ಮಾಡೀರೇನು? ಹೆಣ್ಣುಮಗಳ ಹೆರಿಗಿ ಅದ. ಸೋದರಮಾವನ ಮನಿಗಿ ಕಳಸಿದ್ರ ಬೀಗರು ಏನಂತಾರ? ಶಹಾಬಾದಿನವರಿಗಿ ಮನಿ ಇಲ್ಲೇನು ಅಂತಾರ.”

ಎದುರಿನವನಿಗೆ ಬೇಕಾದದ್ದು ನಮ್ಮ ಕೈಯಲ್ಲಿದ್ದಾಗ ಮಾತ್ರ ಚೌಕಾಸಿ ನಡೆಯುತ್ತದೆ. ಅವರಿಗೆ ಬೇಕಾಗಿದ್ದದ್ದು ಧೈರ್ಯ. ಅದನ್ನು ಪ್ರತಿ ಸಂಜೆ ಆ ಸಣ್ಣ ಅಂಕಿ ಪುಕ್ಕಟೆಯಾಗಿ ಕೊಡುತ್ತಿತ್ತು. ನನ್ನ ಹತ್ತಿರ ಇದ್ದದ್ದು ಹೆದರಿಕೆ ಒಂದೇ.

ಅವರ ಬಾಡಿಗೆ ಕಾರು ಸೇಡಂ ದಾಟಿಯೇ ಹೋಗಬೇಕು. ಅಂಗಡಿಯ ಮುಂದೆ ನಿಲ್ಲಿಸಿದರು. ಅಕ್ಕ, ಭಾವ ಇಬ್ಬರೂ ಕೆಳಗಿಳಿಯಲಿಲ್ಲ. ಹಿಂದಿನ ಸೀಟಿನ ತುಂಬ ಗಂಟುಗಳಿದ್ದವು. ಕುಬಸದ ಹಸಿರು ಸೀರೆ, ಬಳೆ, ಬಾಣಂತಿಗೆ ಅಂಟಿನುಂಡೆ ಕಟ್ಟಲು ಒಣ ಕೊಬ್ಬರಿ, ಅಂಟು, ಉತ್ತತ್ತಿ. ಗಾಜು ಇಳಿಸಿದಾಗ ಕೊಬ್ಬರಿಯ ವಾಸನೆ ಹೊರಗೆ ಬಂತು.

“ಗಾಡಿ ತಿರಗಸ್ರಿ,” ಎಂದೆ. “ಊಟ ಮಾಡಿಕೊಂಡು ವಾಪಸ್ ಹೋಗ್ರಿ. ಪೋರಿಗಿ ನಾ ಹೋಗಿ ತರ್ತೀನಿ.”

“ಸುಮ್ ಕುಂದ್ರೋ,” ಎಂದಳು ಅಕ್ಕ, ಮಾಸ್ಕಿನ ಒಳಗೆ ನಗುತ್ತ. “ಎಲ್ಲಾದ್ರಾಗೂ ನಿಂದೇ ಗೆಲ್ಲಬೇಕು. ಇದೊಂದು ನಂದು ನಡೀಲಿ.”

ಗಾಜು ಏರಿಸಿದಳು. ಕಾರು ಹೋಯಿತು.

ಕುಬಸ ಮನೆಯ ಮಟ್ಟಿಗೇ ಎಂದು ಹೇಳಿದ್ದರು. ಆದರೆ ಊರಿನಲ್ಲಿ ‘ಏನೂ ಇಲ್ಲ’ವಲ್ಲ, ಓಣಿಯ ಹೆಂಗಸರೆಲ್ಲ ಬಂದು ಉಡಿ ತುಂಬಿದರು. ಒಂದು ವಾರ ಕಳೆಯುವಷ್ಟರಲ್ಲಿ ಅಕ್ಕನಿಗೆ ಜ್ವರ ಬಂತು. ನನಗೆ ಹೇಳಲಿಲ್ಲ. ಔಷಧಿ ಅಂಗಡಿಯ ಗೆಳೆಯನಿಂದ ಗೊತ್ತಾಯಿತು. ಕೂಡಲೇ ಫೋನು ಮಾಡಿದೆ.

“ತಪಾಸಣಿ ಮಾಡಿಸಿದೇನು?”

“ಇಲ್ಲ. ಬಿಸಿಲಿಗಿ ಆಗ್ಯಾದ.”

“ಅಕ್ಕಾ, ನನ್ನ ಮುಂದ ಬಿಸಿಲಿಂದು ಹೇಳಬ್ಯಾಡ.”

ಆಕೆ ಧ್ವನಿ ತಗ್ಗಿಸಿ ಹೇಳಿದಳು. “ನನ್ನ ಹೆಸರು ಬಂದ್ರ ಈ ಮನಿಗಿ ಬೊಂಬು ಕಟ್ತಾರ. ಆಮ್ಯಾಲ ಪೋರಿಗಿ ಹೆರಿಗಿಗಿ ಯಾವ ದವಾಖಾನಿ ತಗೋತದ? ಆಕಿಂದು ಆಗ್ಲಿ, ಆಮ್ಯಾಲ ನೋಡಮು.”

ಮಗಳಿಗೆ ತಾಗಬಾರದೆಂದು ಆಕೆ ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಮಲಗಿದ್ದಳಂತೆ. ಗುಳಿಗೆ ನುಂಗುತ್ತ, ಕೆಮ್ಮು ಬಂದಾಗ ಬಾಯಿಗೆ ಸೆರಗು ತುರುಕಿಕೊಳ್ಳುತ್ತಿದ್ದಳಂತೆ. ಇದನ್ನೆಲ್ಲ ಆಮೇಲೆ ಭಾವ ಹೇಳಿದರು.

ಅಕ್ಕನಿಗೆ ಉಸಿರು ಹಿಡಿಯತೊಡಗಿದ ಮೇಲೆ ಒಂದು ಮಧ್ಯಾಹ್ನ ಭಾವನ ಫೋನು ಬಂತು. “ಗಾಡಿ ಕಳಸಪಾ,” ಎಂದರು. ನಾನು ಗಾಡಿ ಕಳಿಸಿ, ಕಲಬುರಗಿಯಲ್ಲಿ ನನಗೆ ಗೊತ್ತಿದ್ದವರಿಗೆಲ್ಲ ಆಸ್ಪತ್ರೆಯ ಹಾಸಿಗೆಗಾಗಿ ಫೋನು ಹಚ್ಚಿದೆ. ಕೇಳಿದಷ್ಟು ಕೊಡುತ್ತೇನೆ ಎಂದೆ. ಬೆಲೆ ಹೇಳದೆ ‘ಕೇಳಿದಷ್ಟು’ ಎಂದು ನಾನು ಹುಟ್ಟಿದಾಗಿನಿಂದ ಯಾರಿಗೂ ಅಂದವನಲ್ಲ. ಯಾರೂ ಬೆಲೆಯನ್ನೇ ಹೇಳಲಿಲ್ಲ. ಹಾಸಿಗೆ ಇಲ್ಲ, ಆಕ್ಸಿಜನ್ ಇಲ್ಲ, ಬೇಕಾದರೆ ಬಂದು ಬಾಗಿಲಲ್ಲಿ ನಿಲ್ಲಿ ಎಂದರು. ಅಕ್ಕನನ್ನು ಕರೆದುಕೊಂಡು ಹೊರಟ ಗಾಡಿ ಸೇಡಂ ತಲುಪುವ ಮೊದಲೇ, ದಾರಿಯಲ್ಲೇ, ಆಕೆ ಹೋಗಿಬಿಟ್ಟಳು.

ಶಹಾಬಾದಿಗೆ ಒಯ್ಯೋಣವೆಂದರೆ ಓಣಿಯವರು ಒಳಗೆ ಬಿಡುವುದು ಅನುಮಾನ. ಹಿಂದಕ್ಕೆ ಒಯ್ದರೆ ಮಗಳು ನೋಡುತ್ತಾಳೆ. ನನ್ನ ಹೊಲದ ಬದುವಿನಲ್ಲೇ ಕುಣಿ ತೋಡಿಸಿದೆವು. ಅಯ್ಯನವರು ದೂರದಲ್ಲೇ ನಿಂತು ಮಂತ್ರ ಹೇಳಿದರು. ವಿಭೂತಿ ಹಚ್ಚಲು ಭಾವ ಕೈ ಚಾಚಿದರು, ಕೈಗವಸಿನ ಮೇಲೆ ಅದು ನಿಲ್ಲಲಿಲ್ಲ.

“ನೀ ಹೇಳಿದ್ದೇ ಖರೇ ಆಯ್ತಲ್ಲಪಾ,” ಎಂದರು ಭಾವ.

ನನ್ನ ಮಾತು ಸರಿಯಾಯಿತು ಎಂದು ಯಾರಾದರೂ ಹೇಳಿದರೆ ಎದೆಯುಬ್ಬಿಸುವವನು ನಾನು. ಅವತ್ತು ಸನಿಕೆ ತೆಗೆದುಕೊಂಡು ಮಣ್ಣು ಎಳೆದೆ.

ಅಕ್ಕನಿಗೆ ತಪಾಸಣೆಯೇ ಆಗಿರಲಿಲ್ಲ. ಆದ್ದರಿಂದ ಶಹಾಬಾದಿನ ಅಂಕಿಯಲ್ಲಿ ಆಕೆ ಬರಲಿಲ್ಲ, ಚಿಂಚೋಳಿಯದರಲ್ಲೂ ಇಲ್ಲ. ಮಣ್ಣಾದದ್ದು ಸೇಡಂನಲ್ಲಿ, ಇಲ್ಲಿಯ ಅಂಕಿಯಲ್ಲೂ ಇಲ್ಲ. ಮುಂದೆ ಅಕ್ಕನ ಮಗಳಿಗೆ ನಮ್ಮ ಮನೆಯ ಮಹಡಿಯಲ್ಲೇ ಬಾಣಂತನವಾಯಿತು, ನೀರು ಎರೆದದ್ದು ನನ್ನ ಹೆಂಡತಿ. ಕೂಸು ಚೆನ್ನಾಗಿದೆ. ಆದರೆ ಒಂದು ದಿನ ಆಕೆ ಗೋಡೆಯ ಕಡೆ ಮುಖ ಮಾಡಿಕೊಂಡು, “ಅವ್ವ ನನ್ನ ಸಲುವಾಗಿ ತಪಾಸಣಿ ಮಾಡಿಸಲಿಲ್ಲೇನು ಮಾಮಾ?” ಎಂದು ಕೇಳಿದಳು. ಎಲ್ಲರಿಗೂ ಎಲ್ಲದಕ್ಕೂ ಬುದ್ಧಿ ಹೇಳುವ ನಾನು ಕೂಸಿನ ಕುಲಾವಿ ಸರಿಮಾಡಿ ಕೆಳಗಿಳಿದು ಬಂದೆ.

ಅದಕ್ಕೂ ಮೊದಲು, ಅಕ್ಕನನ್ನು ಮಣ್ಣು ಮಾಡಿದ ವಾರದಲ್ಲೇ, ಶಹಾಬಾದಿನ ಒಬ್ಬ ವ್ಯಾಪಾರಿ ಫೋನು ಮಾಡಿದ್ದ. ತಾಯಿಗೆ ಉಬ್ಬಸ, ಊರಿನಲ್ಲಿ ಇಟ್ಟುಕೊಳ್ಳಲು ಹೆದರಿಕೆ, ಚಿಂಚೋಳಿಯಲ್ಲಿ ಅಣ್ಣನ ಮನೆ ಇದೆ, ಕಳಿಸಲೇ ಎಂದು ಕೇಳಿದ. ನಾನು ಎಲ್ಲವನ್ನೂ ಹೇಳಿದೆ. ಗುಳಿಗೆಯ ಡಬ್ಬಿ, ಬಿಸಿಲಿನ ಜ್ವರ, ಕೊಟ್ಟಿಗೆಯ ಪಕ್ಕದ ಕೋಣೆ, ನನ್ನ ಹೊಲದ ಬದು. ಅವನು ಕೊನೆಯವರೆಗೂ ಕೇಳಿದ.

“ಛೇ, ಅಕ್ಕಾರ್ದು ಭಾಳ ವಾಯಿಟ್ ಆಯ್ತು ಬಿಡ್ರಿ,” ಎಂದ. ಆಮೇಲೆ, “ಆದ್ರ ಸಾವಕಾರ್ರ, ನಿನ್ನಿನ ಪಟ್ಟಿ ನೋಡೀರೇನು? ಚಿಂಚೋಳಿನಾಗ ಒಂದು ಸಾವೂ ತೋರ್ಸಿಲ್ಲಲ್ಲ,” ಎಂದ.

ತಾಯಿಯನ್ನು ಕಳಿಸಲು ಗಾಡಿಗೆ ಆಗಲೇ ಹೇಳಿಬಿಟ್ಟಿದ್ದನಂತೆ.