ಒಂದೇ ಸಲ ಕೇಳಿದರು

ಮಾರ್ಲಿಸ್ ಟ್ವೇಟನ್ ಮೇಲೆ ನನಗೆ ಈಗಲೂ ಸಿಟ್ಟಿದೆ. ಹಾಲ್ವರ್ ಸ್ಟೆನ್ಸ್‌ರುಡ್ ಮೇಲಿರುವುದು ಸಿಟ್ಟಲ್ಲ, ಅದಕ್ಕೆ ಬೇರೆ ಹೆಸರಿದೆ. ಚರ್ಚಿಗೆ ಹೋಗುವ ಹೆಂಗಸು ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲ.

ಅಮೆರಿಕದ ಮಿನೆಸೋಟಾದಲ್ಲಿರುವ ನಮ್ಮೂರಿನ ಸಣ್ಣ ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ನಾನೂ ಮಾರ್ಲಿಸಳೂ ಅಕ್ಕಪಕ್ಕ ನಿಂತು ಬಡಿಸಿದವರು. ನಡುವಯಸ್ಸಿನಲ್ಲಿ ಅವಳಿಗೆ ಓದುವ ಹುಚ್ಚು ಹತ್ತಿತು. ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳುವ ಪದವಿಗೆ ಅಲ್ಲೇ ಸೇರಿಕೊಂಡಳು. ಅವಳ ಅಣ್ಣ ಹುಟ್ಟುಕಿವುಡ, ಹಾಗಾಗಿ ಕೈಸನ್ನೆಯ ಭಾಷೆ ಅವಳಿಗೆ ಬಾಯಿಮಾತಿಗಿಂತ ಮೊದಲೇ ಬಂದಿತ್ತಂತೆ. ಅವಳು ಬೆರಳಾಡಿಸುತ್ತಾ ಅಣ್ಣನಿಗೆ ನಮ್ಮ ಮ್ಯಾನೇಜರನ ನಡಿಗೆ ವರ್ಣಿಸುತ್ತಿದ್ದರೆ, ಆ ಭಾಷೆ ಬಾರದ ನನಗೂ ನಗು ತಡೆಯಲಾಗುತ್ತಿರಲಿಲ್ಲ.

ಆ ಬೆರಳುಗಳಿಗೇ ಕೀಲುವಾತ ಅಂಟಿಕೊಂಡಿತ್ತು. ಪೂರ್ಣಾವಧಿ ಓದಿಗೆ ಸೇರಿದ ಮೇಲೆ ಅವಳಿಗೆ ವಿದ್ಯಾರ್ಥಿಗಳ ಆರೋಗ್ಯ ವಿಮೆ ಸಿಕ್ಕಿತು, ಅದರಿಂದ ಒಂದು ದುಬಾರಿ ಇಂಜೆಕ್ಷನ್ ಸಿಕ್ಕಿತು. ಅದು ಬಿದ್ದರೆ ಬೆರಳು ಬಿಚ್ಚುತ್ತಿದ್ದವು, ತಪ್ಪಿದರೆ ಮಡಚಿಕೊಂಡೇ ಇರುತ್ತಿದ್ದವು. ಅವಳ ಕೈಗೆಟುಕುವ ಬೇರೆ ಯಾವ ವಿಮೆಯೂ ಆ ಔಷಧಿಯ ಖರ್ಚು ಕೊಡುತ್ತಿರಲಿಲ್ಲ.

ಆ ವಸಂತದಲ್ಲಿ ಆಡಳಿತ ಮಂಡಳಿಯ ಮುಂದೆ ಎರಡು ವಿಷಯ ಬಂದವು. ಮಾರ್ಲಿಸಳದ್ದೂ ಸೇರಿದಂತೆ ವಿದ್ಯಾರ್ಥಿಗಳು ಕಡಿಮೆ ಇರುವ ಪದವಿಗಳನ್ನು ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಓದುವ ವಿಭಾಗಕ್ಕೆ ತಳ್ಳುವುದು ಒಂದು. ವಿಮೆ ಇನ್ನು ಮೇಲೆ ತರಗತಿಗೆ ಬಂದು ಓದುವವರಿಗೆ ಮಾತ್ರ ಎನ್ನುವುದು ಇನ್ನೊಂದು. ಬಿಡಿಬಿಡಿಯಾಗಿ ನೋಡಿದರೆ ಎರಡೂ ಸಾಧು. ಎರಡೂ ಸೇರಿದರೆ ಮಾರ್ಲಿಸಳ ಕಥೆ ಮುಗಿದಂತೆ. ಮಂಡಳಿಯವರು ತಕರಾರಿಲ್ಲದ ವಿಷಯಗಳನ್ನೆಲ್ಲ ಒಂದೇ ಕಟ್ಟು ಕಟ್ಟಿ, ಚರ್ಚೆಯಿಲ್ಲದೆ ಒಂದೇ ಉಸಿರಿಗೆ ಒಪ್ಪಿಬಿಡುತ್ತಾರೆ. ಯಾರಾದರೂ ಬಾಯಿಬಿಟ್ಟು ಕೇಳಿದರೆ ಮಾತ್ರ ಆ ವಿಷಯ ಕಟ್ಟಿನಿಂದ ಹೊರಗೆ ಬರುತ್ತದೆ. ಇವೆರಡೂ ಕಟ್ಟಿನೊಳಗಿದ್ದವು, ಹುಲ್ಲು ಕತ್ತರಿಸುವ ಯಂತ್ರದ ಖರೀದಿಯ ಜೊತೆಗೆ.

ಮಂಡಳಿಯ ಅಧ್ಯಕ್ಷ ಹಾಲ್ವರ್ ನಮ್ಮ ಚರ್ಚಿನವನೇ. ಮಾರ್ಲಿಸ್ ಅವನನ್ನು ಮನೆಗೆ ಕರೆದು ಎಲ್ಲವನ್ನೂ ಹೇಳಿದಳು. ನಾನೂ ಅಲ್ಲಿದ್ದೆ.

"ಹಣ್ಣಿನ ಪೈ ತಗೊಳ್ಳಿ ಹಾಲ್ವರ್."

"ಬೇಡಮ್ಮ, ಹೊಟ್ಟೆ ತುಂಬಿದೆ."

"ಒಂದು ಸಣ್ಣ ತುಂಡು?"

"ಅಯ್ಯೋ, ಬೇಡ ಬೇಡ."

"ಹಾಗಾದ್ರೆ ಎಸೀಬೇಕು, ಅಷ್ಟೆ."

"ಎಸೆಯೋದಾದ್ರೆ ಕೊಡು ಮತ್ತೆ," ಎಂದು ಅರ್ಧ ಪೈ ಮುಗಿಸಿದ.

ನಮ್ಮ ಕಡೆ ಹಾಗೆಯೇ. ಮೊದಲ ಸಲಕ್ಕೇ ಹೂಂ ಎಂದವರನ್ನು ಹೊಟ್ಟೆಬಾಕರು ಎನ್ನುತ್ತೇವೆ. ಮೂರನೆಯ ಸಲ ಕೇಳದವರನ್ನು ಮನುಷ್ಯರ ಲೆಕ್ಕಕ್ಕೇ ಸೇರಿಸುವುದಿಲ್ಲ. ಹಾಲ್ವರ್ ಬಾಯಿ ಒರೆಸಿಕೊಂಡು, "ಸಭೆಗೆ ಬಾ. ನಾನೇ ನಿನ್ನ ಕೇಳ್ತೀನಿ, ಆಗ ಹೇಳು," ಎಂದ.

ಸಭೆಯ ದಿನ ಮಾರ್ಲಿಸ್ ಚರ್ಚಿಗೆ ಹಾಕುವ ನೀಲಿ ಕೋಟು ಹಾಕಿಕೊಂಡು ಬಂದಳು. ಹಾಲ್ವರ್ ಕಟ್ಟಿನ ವಿಷಯಗಳನ್ನು ಓದಿದ. ಆಮೇಲೆ ಕನ್ನಡಕದ ಮೇಲಿಂದ ನಮ್ಮ ಕಡೆ ನೋಡಿದ.

"ಮಾರ್ಲಿಸ್, ಇದರಲ್ಲಿ ಯಾವುದನ್ನಾದ್ರೂ ಹೊರಗೆ ತೆಗೀಬೇಕಾ?"

ಇಡೀ ಸಭೆ ತಿರುಗಿತು. ಅವಳ ಮುಖ ಕೆಂಪೇರಿತು.

"ಅಯ್ಯೋ, ನನ್ನೊಬ್ಬಳಿಗೋಸ್ಕರ ನಿಮಗ್ಯಾಕೆ ತೊಂದ್ರೆ..."

ಕೋಟು ಸರಿಮಾಡಿಕೊಂಡು, ಎರಡನೆಯ ಸಲ ಕೇಳಲಿ ಎಂದು ಕಾದಳು. ನಾನೂ ಕಾದೆ. ಹಾಲ್ವರನೂ ಒಂದು ಕ್ಷಣ ಅವಳನ್ನೇ ನೋಡಿದ. ಅವನಿಗೆ ಗೊತ್ತಿತ್ತು, ದೇವರಾಣೆಗೂ ಗೊತ್ತಿತ್ತು.

"ಥ್ಯಾಂಕ್ಸ್ ಮಾರ್ಲಿಸ್," ಎಂದು ಸುತ್ತಿಗೆ ಕುಟ್ಟಿದ. ಎಲ್ಲರೂ ಹೂಂ ಎಂದರು.

ಹೊರಗೆ ಅವನನ್ನು ಅಡ್ಡಗಟ್ಟಿದೆ. "ಇನ್ನೊಂದು ಸಲ ಕೇಳಿದ್ರೆ ನಿಮ್ಮ ನಾಲಿಗೆ ಸವೀತಿತ್ತಾ?"

"ಕೇಳಿದೆನಲ್ಲ ಆರ್ಡಿಸ್. ಬೇಡ ಅಂದ್ಲು. ಎಲ್ಲರೂ ಕೇಳಿಸ್ಕೊಂಡಿದ್ದಾರೆ."

"ಪೈ ತಿನ್ನುವಾಗ ನೀವೂ ಬೇಡ ಅಂದಿದ್ರಿ!"

"ಅದು ಮನೆ. ಇದು ಸಭೆ," ಎಂದು ಕಾರು ಹತ್ತಿದ.

ಮಾರ್ಲಿಸಳನ್ನೂ ಬಿಡಲಿಲ್ಲ. "ಬಾಯಲ್ಲಿ ಏನು ಇಟ್ಕೊಂಡಿದ್ದೆಯೇ ನೀನು?"

"ಅಷ್ಟು ಜನರ ಮುಂದೆ ನಂದು ನಂದು ಅನ್ನೋಕೆ ಆಗುತ್ತೇನೇ? ಪಾಪ, ಅವರಿಗೂ ಅವಸರ ಇತ್ತೇನೋ."

ಪಾಪವಂತೆ! ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು.

ಬೇಸಿಗೆ ಮುಗಿಯುವ ಹೊತ್ತಿಗೆ ವಿಮೆ ನಿಂತಿತು, ಇಂಜೆಕ್ಷನ್ನೂ ನಿಂತಿತು. ಅವಳು ಓದು ಬಿಡಲಿಲ್ಲ. ಕಂಪ್ಯೂಟರಿನ ಗುಂಡಿಗಳನ್ನು ಪೆನ್ಸಿಲಿನ ತುದಿಯಿಂದ ಒತ್ತಿ ಒತ್ತಿ ಪರೀಕ್ಷೆಗಳನ್ನು ಮುಗಿಸಿದಳು. ಕೊನೆಗೆ ಉಳಿದದ್ದು ಕಿವುಡು ಮಕ್ಕಳ ಶಾಲೆಯಲ್ಲಿ ಪಾಠ ಮಾಡಿ ತೋರಿಸುವುದು. ಸ್ಟೀರಿಂಗ್ ಹಿಡಿಯಲಾಗದ ಅವಳನ್ನು ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ.

ಅವಳು ನಿಂತು, ಕರಡಿಯೊಂದು ಮೀನು ಹಿಡಿಯುವ ಕಥೆ ಶುರು ಮಾಡಿದಳು. ಅರ್ಧ ಮಡಚಿದ ಕೈಗಳು ಗಾಳಿಯಲ್ಲಿ ಅಲ್ಲಾಡಿದವು. ಮಕ್ಕಳು ಕಣ್ಣು ಕಿರಿದು ಮಾಡಿ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ಸಾಲಿನ ಒಬ್ಬಳು ಹುಡುಗಿ ಎದ್ದು ನಿಂತು ಪಟಪಟನೆ ಬೆರಳಾಡಿಸಿದಳು. ಮಾರ್ಲಿಸಳ ಕೈ ಕೆಳಗಿಳಿಯಿತು.

"ಏನಂತೆ?" ಎಂದೆ.

"ಕೈಲಿ ಮಾತಾಡೋಕೆ ಬರೋ ಟೀಚರನ್ನ ಕರೀರಿ ಅಂತಿದ್ದಾಳೆ."

ಹುಡುಗಿ ನನ್ನ ಕಡೆ ತಿರುಗಿ ಬಾಗಿಲು ತೋರಿಸಿದಳು. ನಾನು ಎದ್ದು ಹೋಗಿ ಅವರ ಟೀಚರನ್ನು ಕರೆದುಕೊಂಡು ಬಂದೆ.