ಕುಂಟಮ್ಮನ ರಿಪೇರಿ

ನಮ್ಮ ದೊಡ್ಡಮ್ಮನ ಉಗುರಿನ ಸಂದಿಯಲ್ಲಿ ಗ್ರೀಸು ಇಲ್ಲದ ದಿನವನ್ನು ನಾನು ಕಂಡಿಲ್ಲ. ಮದುವೆ ಮನೆಗಳಲ್ಲಿ ಹೆಂಗಸರು ಅವಳ ಕೈ ನೋಡಿ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಅವಳು ಕ್ಯಾರೇ ಅನ್ನುತ್ತಿರಲಿಲ್ಲ. ದೊಡ್ಡಪ್ಪ ಟ್ರ್ಯಾಕ್ಟರು ಇಟ್ಟುಕೊಂಡು ಬಾಡಿಗೆಗೆ ಬೇರೆಯವರ ಹೊಲ ಉಳುತ್ತಿದ್ದರು. ಅವರು ಇಂಜಿನ್ನಿನ ಅಡಿಗೆ ತೂರಿಕೊಂಡು ಬರೀ ಕೈ ಚಾಚಿದರೆ ಸಾಕು, ಯಾವ ಪಾನಾ ಬೇಕು ಅಂತ ಕೇಳದೆಯೇ ಇವಳು ಅಂಗೈಗೆ ಇಡುತ್ತಿದ್ದಳು. ಮಾತಿಲ್ಲ, ಕತೆಯಿಲ್ಲ. ಮಕ್ಕಳಿಲ್ಲದ ಆ ಮನೆಯಲ್ಲಿ ಗಂಡ ಹೆಂಡತಿಯ ಸರಸ ಅಂದರೆ ಇದೇ ಅಂತ ನಾವೆಲ್ಲ ಗೇಲಿ ಮಾಡುತ್ತಿದ್ದೆವು.

ಆ ಟ್ರ್ಯಾಕ್ಟರು ಪೆಟ್ರೋಲ್ ಇಂಜಿನ್ನಿನ ಹಳೇ ಕಾಲದ್ದು, ಮುಂದೆ ಹ್ಯಾಂಡಲ್ ಹಾಕಿ ತಿರುವಿದರೆ ಶುರುವಾಗುವಂಥದ್ದು. ಮೂರನೇ ಸಿಲಿಂಡರಿನ ವಾಲ್ವು ಸುಟ್ಟುಹೋಗಿ ಪ್ರತಿ ಸುತ್ತಿಗೂ ಒಂದು ಹೊಡೆತ ತಪ್ಪುತ್ತಿತ್ತು. ಡುಗ್ ಡುಗ್ ಡುಗ್, ಆಮೇಲೆ ಒಂದು ತಡೆ, ಮತ್ತೆ ಡುಗ್ ಡುಗ್ ಡುಗ್. ಅದಕ್ಕೇ ಅದರ ಹೆಸರು ಕುಂಟಮ್ಮ. "ಈ ಸಲದ ಉಳುಮೆ ಮುಗೀಲಿ, ಹೊಸ ವಾಲ್ವು ಹಾಕಿಬಿಡ್ತೀನಿ" ಅಂತ ದೊಡ್ಡಪ್ಪ ಪ್ರತಿ ವರ್ಷ ಹೇಳುತ್ತಿದ್ದರು. ಪ್ರತಿ ವರ್ಷ ಅದು ಹಾಗೇ ಉಳಿಯುತ್ತಿತ್ತು.

ಸಂಜೆ ಬೀದಿಯ ತಿರುವಿನಲ್ಲಿ ಆ ಕುಂಟು ಸದ್ದು ಕೇಳಿಸಿದ ತಕ್ಷಣ ದೊಡ್ಡಮ್ಮ ಒಲೆಯ ಮೇಲೆ ನೀರು ಇಡುತ್ತಿದ್ದಳು. ಗ್ರೀಸು ತಣ್ಣೀರಿಗೆ ಬಿಡುವುದಿಲ್ಲವಲ್ಲ. ಅವರು ಹಿತ್ತಲಿಗೆ ಬಂದು ಸೋಪಿನ ಪುಡಿ ಉಜ್ಜುತ್ತ ನಿಂತರೆ ಇವಳು ಚೊಂಬಿನಲ್ಲಿ ಬಿಸಿನೀರು ಹಾಕುವಳು. ಎಷ್ಟು ಬೇಕೋ ಅಷ್ಟು, ನಿಧಾನಕ್ಕೆ.

ಆಮೇಲೆ ದೊಡ್ಡಪ್ಪನಿಗೆ ಮರೆವು ಹಿಡಿಯಿತು. ಮೊದಲು ಹೊಲದ ದಾರಿ ಮರೆತರು. ಕುಂಟಮ್ಮ ಶೆಡ್ಡು ಸೇರಿ ತುಕ್ಕು ಹಿಡಿಯತೊಡಗಿದಳು. ಆಮೇಲೆ ನನ್ನನ್ನು ಮರೆತರು. ಹೋಗಲಿ ಬಿಡಿ, ನಾನೇನು ನೆನಪಿಟ್ಟುಕೊಳ್ಳುವಂಥ ಗಿರಾಕಿಯಲ್ಲ. ಒಂದು ಬೆಳಿಗ್ಗೆ ಕಾಫಿ ಲೋಟ ತೆಗೆದುಕೊಂಡು, ದೊಡ್ಡಮ್ಮನನ್ನು ಬಹಳ ಮರ್ಯಾದೆಯಿಂದ ಕೇಳಿದರು: "ಅಮ್ಮಾ, ತಾವು ಯಾರ ಮನೆಯವರು?"

ಅವಳು ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಡಾಕ್ಟರು ಮಾತ್ರೆ ಬರೆದುಕೊಟ್ಟರು, ಇದು ವಾಸಿಯಾಗುವಂಥದ್ದಲ್ಲ ಅಂತಲೂ ಹೇಳಿದರು. ನೆಂಟರು ಬಂದು ಕೂತು ಲೊಚಗುಟ್ಟಿ, ತಿಂದು ಎದ್ದುಹೋದರು. ಅವರ ವಿಷಯ ಎತ್ತಿದರೆ ನನಗೆ ಈಗಲೂ ಮೈ ಉರಿಯುತ್ತದೆ, ಬೇಡ.

ಒಂದು ಮಧ್ಯಾಹ್ನ ಮನೆ ಮುಂದೆ ಯಾರದೋ ಬೈಕು ಹೋಯಿತು. ಜಗುಲಿಯ ಮೇಲೆ ಸುಮ್ಮನೆ ಕೂತಿದ್ದ ದೊಡ್ಡಪ್ಪ ತಲೆ ಎತ್ತಿ, "ಪ್ಲಗ್ಗು ಕ್ಲೀನ್ ಮಾಡಿಲ್ಲ ಇವನು" ಅಂದರು. ದೊಡ್ಡಮ್ಮ ಕೈಯಲ್ಲಿದ್ದ ಪೊರಕೆ ಬಿಟ್ಟು ಹಾಗೇ ನಿಂತಳು. ನನ್ನನ್ನು ಒಳಗೆ ಎಳೆದುಕೊಂಡು ಹೋದಳು.

"ಕಿವಿ ಮರೆತಿಲ್ಲ ಕಣೇ. ಕುಂಟಮ್ಮನ ಸದ್ದು ಕೇಳಿದ್ರೆ ನಾನೂ ನೆನಪಾಗ್ತೀನಿ. ನೋಡ್ತಾ ಇರು."

ಲೇತ್ ಮಷೀನಿನ ಅಂಗಡಿಯವನು ದೊಡ್ಡಪ್ಪನ ಹಳೇ ಸ್ನೇಹಿತ. ಬಂದು ಬಗ್ಗಿ ನೋಡಿ, ಹ್ಯಾಂಡಲ್ಲಿಗೆ ಜೋತುಬಿದ್ದ. ಅದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

"ಅಕ್ಕಾ, ಪಿಸ್ಟನ್ನು ಕಚ್ಕೊಂಡಿದೆ. ಇದನ್ನ ಗುಜರಿಗೆ ಹಾಕಿ ಅಣ್ಣನಿಗೆ ಒಂದು ಒಳ್ಳೇ ಹಾಸಿಗೆ ತಗೊಳ್ಳಿ."

"ಹಾಸಿಗೆ ಮೇಲೆ ಮಲಗಿದ್ರೆ ನಾನ್ಯಾರು ಅಂತ ನೆನಪಾಗುತ್ತೇನಪ್ಪಾ?"

ಅವನು ಅಂಗಿಯ ತೋಳು ಮಡಚಿ ಮತ್ತೆ ಇಂಜಿನ್ನಿನ ಕಡೆ ಬಗ್ಗಿದ.

ಕೈಯಲ್ಲಿ ಕಾಸು ಅಷ್ಟಕ್ಕಷ್ಟೇ. ಹಾಗಾಗಿ ಅಂಗಡಿಯಿಂದ ಹೊಸದು ಅಂತ ಬಂದದ್ದು ಪಿಸ್ಟನ್ನಿನ ರಿಂಗುಗಳು ಮಾತ್ರ. ದೊಡ್ಡಮ್ಮ ಪ್ಲಗ್ಗಿನ ತೂತುಗಳಲ್ಲಿ ಸೀಮೆಎಣ್ಣೆ, ಬ್ರೇಕ್ ಆಯಿಲ್ ಬೆರೆಸಿ ಹುಯ್ದು, ದಿನಾ ಬೆಳಿಗ್ಗೆ ಹ್ಯಾಂಡಲ್ ಅಲುಗಿಸಿ ನೋಡುವಳು. ಕೊನೆಗೂ ಅದು ಕೂದಲೆಳೆಯಷ್ಟು ಜರುಗಿದಾಗ ಶೆಡ್ಡಿನಿಂದ ಕೂಗಿದ ಕೂಗಿಗೆ ಪಕ್ಕದ ಮನೆಯವರು ಹಾವು ಬಂತೇನೋ ಅಂತ ಓಡಿಬಂದರು. ಚಪ್ಪಲಿ ಡಬ್ಬದ ರಟ್ಟನ್ನು ಸುತ್ತಿಗೆಯಿಂದ ಅಂಚಿಗೆ ಬಡಿದು ಕತ್ತರಿಸಿ, ಸಂದಿಗಳಲ್ಲಿ ಎಣ್ಣೆ ಸೋರದ ಹಾಗೆ ಗ್ಯಾಸ್ಕೆಟ್ಟು ಮಾಡಿದಳು. ತಾಮ್ರದ ಹಳೇ ಹೆಡ್ ಗ್ಯಾಸ್ಕೆಟ್ಟನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿ ನೀರಿಗದ್ದಿ ಮೆತ್ತಗೆ ಮಾಡಿಕೊಂಡಳು. ಮೂರನೇ ಸಿಲಿಂಡರಿಗೆ ಗುಜರಿಯಿಂದ ಯಾವುದೋ ವಾಲ್ವು ಹುಡುಕಿ ತಂದಳು. ಲೇತಿನವನು ಅದನ್ನು ಅಳತೆಗೆ ಕಡೆದುಕೊಟ್ಟ. ಅದು ಕೂರುವ ಜಾಗಕ್ಕೆ ಅರೆಯುವ ಪೇಸ್ಟು ಹಚ್ಚಿ, ವಾಲ್ವಿಗೆ ಸಿಕ್ಕಿಸಿದ ಕಡ್ಡಿಯನ್ನು ಎರಡೂ ಅಂಗೈ ನಡುವೆ ಮಜ್ಜಿಗೆ ಕಡೆದ ಹಾಗೆ ತಿರುಗಿಸುತ್ತ ಇವಳು ದಿನಗಟ್ಟಲೆ ಉಜ್ಜಿದಳು.

"ಅವರು ಹಾಕ್ತೀನಿ ಹಾಕ್ತೀನಿ ಅಂತಿದ್ದ ವಾಲ್ವು, ನಾನೇ ಹಾಕ್ತಿದೀನಿ" ಅಂತ ಮುಖ ಅರಳಿಸಿಕೊಂಡು ಹೇಳಿದಳು.

ದೊಡ್ಡಪ್ಪ ಬೋರಲು ಹಾಕಿದ ಡಬ್ಬದ ಮೇಲೆ ಕೂತು ಎಲ್ಲ ನೋಡುತ್ತಿದ್ದರು. ಒಮ್ಮೆ, "ಪಾಪ, ಇಷ್ಟೊಂದು ಕೆಲಸ ಒಬ್ಬರೇ ಮಾಡ್ತೀರಲ್ಲ, ನಿಮ್ಮ ಯಜಮಾನ್ರು ಒಂದು ಕೈ ಹಾಕಬಾರದಾ?" ಅಂದರು. ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಇನ್ನೊಂದು ದಿನ ಇಂಜಿನ್ನಿನ ಅಡಿ ಮಲಗಿದ್ದವಳು, ಬೇಕೆಂದೇ ಏನೂ ಹೇಳದೆ ಅವರ ಕಡೆಗೆ ಕೈ ಚಾಚಿದಳು. ಅವರು ಆ ಕೈಯನ್ನೂ ಪಾನಾಗಳನ್ನೂ ನೋಡಿದರು. ಆಮೇಲೆ ತಿನ್ನುತ್ತಿದ್ದ ಬಿಸ್ಕತ್ತಿನಲ್ಲಿ ಅರ್ಧ ಮುರಿದು ಅವಳ ಅಂಗೈಗೆ ಇಟ್ಟರು. ಅವಳು ಅಲ್ಲೇ ಮಲಗಿಕೊಂಡು ಅದನ್ನು ತಿಂದಳು.

ಇಂಜಿನ್ನು ಜೋಡಿಸಿ ಮುಗಿದ ದಿನ ಅವರಿಗೆ ಇಸ್ತ್ರಿ ಅಂಗಿ ತೊಡಿಸಿ, ಹಳೇ ಟೋಪಿ ಇಟ್ಟು ಶೆಡ್ಡಿನ ಬಾಗಿಲಲ್ಲಿ ಕೂರಿಸಿದಳು. ಲೇತಿನವನು ಹ್ಯಾಂಡಲ್ ತಿರುವಿದ. ಎರಡು ಸಲ ಕೆಮ್ಮಿತು. ಆಮೇಲೆ ಹೊತ್ತಿಕೊಂಡಿತು ನೋಡಿ! ನಾಲ್ಕೂ ಸಿಲಿಂಡರು ಒಂದೇ ತಾಳದಲ್ಲಿ, ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನುಣ್ಣಗೆ. ನಾನು ಚಪ್ಪಾಳೆ ಹೊಡೆದೆ. ದೊಡ್ಡಮ್ಮ ಮಾತ್ರ ಅವರ ಮುಖವನ್ನೇ ನೋಡುತ್ತಿದ್ದಳು.

ಅವರು ಗಮನವಿಟ್ಟು ಕೇಳಿದರು. "ಚೆನ್ನಾಗಿದೆ. ಯಾರದ್ದು ಇದು?"

"ನಿಮ್ಮದೇ ರೀ."

"ಅಯ್ಯೋ, ನಮ್ಮದು ಹೀಗಿಲ್ಲಮ್ಮ. ನಮ್ಮದು ಕುಂಟುತ್ತೆ."

ಲೇತಿನವನು ನೆಲ ನೋಡಿದ. ಅಷ್ಟು ದಿನ ಮೈ ಬಗ್ಗಿಸಿ ದುಡಿದು ನಾವು ಮೂರೂ ಜನ ಸೇರಿ ಅವರ ಕುಂಟಮ್ಮನನ್ನು ಇಲ್ಲವಾಗಿಸಿಬಿಟ್ಟಿದ್ದೆವು. ಆ ಕುಂಟೇ ಬೇಕಿತ್ತು ಅಂತ ನಮ್ಮಲ್ಲಿ ಒಬ್ಬರಿಗಾದರೂ ಹೊಳೆಯಬೇಡವೇ? ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ದೊಡ್ಡಮ್ಮ ಎದ್ದಳು. ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಂಡು, ಓಡುತ್ತಿದ್ದ ಇಂಜಿನ್ನಿನ ಮೂರನೇ ಪ್ಲಗ್ಗಿನ ವೈರನ್ನು ಕಿತ್ತಳು. ಶಾಕ್ ಹೊಡೆದು ಮೊಣಕೈವರೆಗೂ ನಡುಗಿತು. ಆದರೂ ಅವಳು ವೈರನ್ನು ಕೈಬಿಡಲಿಲ್ಲ, ಪಕ್ಕಕ್ಕೆ ಸರಿಸಿ ಸಿಕ್ಕಿಸಿದಳು. ಡುಗ್ ಡುಗ್ ಡುಗ್, ಒಂದು ತಡೆ, ಡುಗ್ ಡುಗ್ ಡುಗ್.

ದೊಡ್ಡಪ್ಪ ನೆಟ್ಟಗೆ ಕೂತರು. ಕಣ್ಣಿಗೆ ಬೆಳಕು ಬಂತು. ನಾನು ಕಣ್ಣಾರೆ ಕಂಡಿದ್ದೇನೆ, ಸುಳ್ಳಲ್ಲ. "ಬಂದ್ಲು! ನಮ್ಮ ಕುಂಟಮ್ಮ!" ಅಂತ ಎದ್ದು ಬಾನೆಟ್ಟಿನ ಮೇಲೆ ಕೈಯಿಟ್ಟರು. ದೊಡ್ಡಮ್ಮ ಅವರ ತೋಳು ಹಿಡಿದಳು. ಅವರು ಮೆಲ್ಲಗೆ ಬಿಡಿಸಿಕೊಂಡರು.

"ತಪ್ಪು ತಿಳ್ಕೋಬೇಡಿ ಅಮ್ಮಾ, ನಾನು ಹೊರಡ್ಬೇಕು. ಈ ಸದ್ದು ಕೇಳಿದ್ರೆ ನಮ್ಮನೆಯವಳು ನೀರು ಕಾಯಿಸ್ತಾಳೆ. ಆರಿಹೋದ್ರೆ ಬೈತಾಳೆ."

ದೊಡ್ಡಮ್ಮ ಒಂದು ಕ್ಷಣ ನನ್ನ ಕಡೆ ನೋಡಿದಳು. ಆಮೇಲೆ ಹಿತ್ತಲ ಬಾಗಿಲಿಂದ ಓಡಿದಳು, ಆ ವಯಸ್ಸಿನಲ್ಲಿ ಬಿದ್ದಂಬೀಳ. ಅವರನ್ನು ಕೈಹಿಡಿದು ನಿಧಾನವಾಗಿ ಮುಂಬಾಗಿಲಿನಿಂದ ನಾನು ಕರೆತರುವಷ್ಟರಲ್ಲಿ ಒಲೆ ಹೊತ್ತಿಸಿ ನೀರಿಟ್ಟು, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೂದಲು ಸರಿಮಾಡಿಕೊಂಡಿದ್ದಳು.

"ಬಂದ್ರಾ?" ಅಂದಳು.

ಅವರು ಅವಳನ್ನು ನೋಡಿದರು. ಅವಳ ಹಿಂದೆ ಅಡುಗೆಮನೆಯಲ್ಲೆಲ್ಲ ಹುಡುಕಿದರು. "ಅರೆ, ನೀವು ಇಲ್ಲೂ ಇದೀರಾ? ನಮ್ಮನೆಯವಳು ಎಲ್ಲಿ?"

ಹೊರಗೆ ಕುಂಟಮ್ಮ ಕುಂಟುತ್ತಲೇ ಇದ್ದಳು. ನಾನು ಮುಖ ತಿರುಗಿಸಿಕೊಂಡೆ.

"ಬರ್ತಾಳೆ. ಅಲ್ಲೀವರೆಗೆ ಕೈ ತೊಳ್ಕೊಳ್ಳಿ" ಅಂದಳು ದೊಡ್ಡಮ್ಮ.

ಹಿತ್ತಲಿನಲ್ಲಿ ಅವರು ಅಭ್ಯಾಸಬಲದಿಂದ ಎರಡೂ ಕೈ ಮುಂದೆ ಹಿಡಿದರು. ಕೈ ಶುಭ್ರವಾಗಿತ್ತು. ತಮ್ಮ ಕೈಯನ್ನು ನೋಡಿಕೊಂಡು, ಆಮೇಲೆ ಚೊಂಬು ಹಿಡಿದಿದ್ದ ಅವಳ ಕೈ ನೋಡಿದರು. ಬೆರಳು, ಉಗುರು, ಮಣಿಕಟ್ಟಿನವರೆಗೂ ಕಪ್ಪು.

"ಛೆ, ಛೆ. ನಿಮ್ಮದೇ ಕೈ ಕೊಳೆಯಾಗಿದೆ. ಕೊಡಿ ಇಲ್ಲಿ."

ಚೊಂಬು ಇಸಿದುಕೊಂಡು ಸೋಪಿನ ಪುಡಿ ಅವಳ ಅಂಗೈಗೆ ಉದುರಿಸಿದರು. ಅವಳು ಉಜ್ಜುತ್ತ ನಿಂತಳು. ಅವರು ಬಿಸಿನೀರು ಹಾಕಿದರು, ಎಷ್ಟು ಬೇಕೋ ಅಷ್ಟು, ನಿಧಾನಕ್ಕೆ. ಅವಳ ಕಣ್ಣೀರು ಬೆರಳ ಮೇಲೆ ಬೀಳುತ್ತಿದ್ದುದನ್ನು ಅವರು ಗಮನಿಸಲಿಲ್ಲ. ಒಂದು ಸಲ ಮಾತ್ರ ಬಾಗಿಲ ಕಡೆ ತಿರುಗಿ ನೋಡಿ, ದನಿ ತಗ್ಗಿಸಿದರು.

"ನಮ್ಮನೆಯವಳಿಗೆ ಹೇಳ್ಬೇಡಿ, ಬೇರೆಯವರ ಕೈಗೆ ನೀರು ಹಾಕಿದೆ ಅಂತ. ಬೇಜಾರು ಮಾಡ್ಕೋತಾಳೆ."

"ಇಲ್ಲ, ಹೇಳಲ್ಲ" ಅಂದಳು ದೊಡ್ಡಮ್ಮ.