ಕಜಿಪು ಕೇಳುವ ಮೆಡಿಕಲ್ ಅಕ್ಕ

ಮೆಡಿಕಲ್ ಅಕ್ಕ ಎಷ್ಟು ಗಿಡ್ಡ ಎಂದರೆ, ಔಷಧಿ ಅಂಗಡಿಯ ಕೌಂಟರಿನ ಹಿಂದೆ ಮರದ ಮಣೆಯೊಂದರ ಮೇಲೆ ನಿಂತರೆ ಮಾತ್ರ ಅವಳ ಮುಖ ಗಿರಾಕಿಗೆ ಕಾಣುತ್ತದೆ. ಕೇಳಿದ ಮದ್ದು ಕೊಡಲು ಮನಸ್ಸಿಲ್ಲದಿದ್ದರೆ ಮಣೆಯಿಂದ ಇಳಿದುಬಿಡುತ್ತಾಳೆ. ಆಗ ನಮಗೆ ಕಾಣುವುದು ಬೈತಲೆ ಮಾತ್ರ. ಬೈತಲೆಯೊಡನೆ ವಾದ ಮಾಡಿ ಗೆದ್ದವರು ನಮ್ಮೂರು ವಾಮದಪದವಿನಲ್ಲಿ ಯಾರೂ ಇಲ್ಲ.

ರಸ್ತೆಯ ಈಚೆ ನನ್ನ ಟೈಲರಿಂಗ್ ಅಂಗಡಿ. ನಮ್ಮದು ಹದಿನೆಂಟು ವರ್ಷದ ನೆರೆಕರೆ.

ನೋವಿನ ಮಾತ್ರೆ ಕೊಡುವ ಮೊದಲು ಅಕ್ಕ 'ವಣಸ್ ಆಂಡಾ?' ಎಂದು ಕೇಳುತ್ತಾಳೆ, ಊಟ ಆಯಿತೇ ಎಂದು. ತುಳುನಾಡಿನಲ್ಲಿ ಅದು ಪ್ರಶ್ನೆಯೇ ಅಲ್ಲ, ನಮಸ್ಕಾರ. ಹೊಟ್ಟೆ ಚುರುಗುಟ್ಟುತ್ತಿದ್ದರೂ 'ಆಂಡ್', ಆಯಿತು, ಅನ್ನಬೇಕು. ಇಲ್ಲವೆಂದರೆ ಕೇಳಿದವರು ಬಡಿಸಬೇಕಾಗುತ್ತದಲ್ಲ! ಅದಕ್ಕೇ ಅಕ್ಕನ ಎರಡನೆಯ ಪ್ರಶ್ನೆ: 'ಕಜಿಪು ದಾದ?' ಅನ್ನಕ್ಕೆ ಏನು ಪದಾರ್ಥ ಎಂದು ಹೇಳಲು ತಡವರಿಸಿದವರು ಉಂಡಿಲ್ಲವೆಂದೇ ಅವಳ ತೀರ್ಮಾನ.

ಮೂರು ವರ್ಷದ ಹಿಂದೆ, ಮದುವೆಯ ಸೀಸನ್ನಿನಲ್ಲೇ ನನ್ನ ಸೊಂಟ ಹಿಡಿಯಿತು. ಮೂಡುಬಿದಿರೆಯ ಡಾಕ್ಟರು ಐದು ದಿನಕ್ಕೆ ಮಾತ್ರೆ ಬರೆದುಕೊಟ್ಟರು. ಎರಡನೇ ದಿನಕ್ಕೆ ನೋವು ಮಾಯ, ನಾನು ಮತ್ತೆ ಮೆಷಿನ್ ತುಳಿಯುತ್ತಿದ್ದೆ. ಆರನೇ ದಿನ ನೋವು ಮರಳಿತು. ಅದೇ ಚೀಟಿ ಹಿಡಿದು ಅಕ್ಕನಲ್ಲಿಗೆ ಹೋದೆ.

'ವಣಸ್ ಆಂಡಾ?'

'ಆಂಡ್.'

'ಕಜಿಪು?'

'ಬಸಳೆ,' ಎಂದೆ ತಡಮಾಡದೆ. ಬೆಳಗಿನಿಂದ ಹೊಟ್ಟೆಗೆ ಬಿದ್ದದ್ದು ಹಾಲಿಲ್ಲದ ಕಣ್ಣಚಾಯ ಮಾತ್ರ.

'ಬಸಳೆಗೆ ಎಂತ ಹಾಕಿದ್ದು?'

'ಉಪ್ಪು,' ಎಂದೆ, ಬೇರೇನೂ ಹೊಳೆಯದೆ.

ಅಕ್ಕ ಕೆಳಗಿಳಿದಳು. 'ಚೀಟಿ ಐದು ದಿನದ್ದು. ನೋವು ಹೋಗದಿದ್ದರೆ ಪುನಃ ಡಾಕ್ಟರಿಗೆ ತೋರಿಸು ಮಾರಾಯ್ತಿ,' ಎಂದು ಕೌಂಟರಿನ ಒಳಗಿನಿಂದ ದನಿ ಬಂತು.

ನನಗೆ ಸಿಟ್ಟು ಬಂತು. ಬಸ್ಸು ಹತ್ತಿ ಬಂಟ್ವಾಳಕ್ಕೆ ಹೋಗಿ, ಕಜಿಪು ಕೇಳದ ಅಂಗಡಿಯೊಂದರಿಂದ ಅದೇ ಮಾತ್ರೆ ತಂದೆ. ಸುಮಾರು ಒಂದು ತಿಂಗಳು ಖಾಲಿ ಹೊಟ್ಟೆಗೆ ಚಾ, ಚಾದ ಜೊತೆ ಮಾತ್ರೆ. ಹೊಟ್ಟೆ ಉರಿದರೆ ಗ್ಯಾಸ್ಟ್ರಿಕ್ ಅಂದುಕೊಂಡೆ.

ಒಂದು ಬೆಳಿಗ್ಗೆ ಪುತ್ತಿಗೆಯ ಮದುಮಗಳೊಬ್ಬಳ ರವಕೆ ಹಿಡಿದು ಎದ್ದವಳಿಗೆ ಕಣ್ಣು ಕತ್ತಲೆ ಬಂತು. ಅಲ್ಲೇ ಕುಸಿದೆ. ಮಣೆಯ ಮೇಲಿಂದ ಅದನ್ನು ನೋಡಿದ ಅಕ್ಕ ರಸ್ತೆ ದಾಟಿ ಓಡಿಬಂದಳು. ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಮೂವರು ಗಿರಾಕಿಗಳ ಎದುರೇ ಗಟ್ಟಿಯಾಗಿ ಕೇಳಿದಳು: 'ಹೊರಕಡೆಗೆ ಹೋಗುವುದು ಕಪ್ಪಾ?'

'ಅಕ್ಕಾ, ಮೆಲ್ಲ!'

'ಮಾನ ಆಮೇಲೆ. ಕಪ್ಪಾ?'

'ಡಾಂಬರಿನ ಹಾಗೆ ಉಂಟು.'

ಎರಡೂ ಅಂಗಡಿಯ ಶಟರ್ ಎಳೆದು ನನ್ನನ್ನು ರಿಕ್ಷಾಕ್ಕೆ ಹಾಕಿದಳು. ಮಾತ್ರೆಗೆ ಬೈಯುತ್ತಾ ನಾನು ಬಂಟ್ವಾಳದ ಗುಟ್ಟನ್ನು ಹೇಳಿಬಿಟ್ಟೆ. ಮೂಡುಬಿದಿರೆಯವರೆಗೂ ಭುಜ ಹಿಡಿದುಕೊಂಡು ಅಕ್ಕ ಮಾತಾಡುತ್ತಲೇ ಇದ್ದಳು. 'ಆ ಮಾತ್ರೆಗೆ ಬೈಯಬೇಡ. ಅದು ನೆಂಟರ ಹಾಗೆ. ನಾಲ್ಕು ದಿನ ಇದ್ದು ಹೋದರೆ ಮನೆಗೆ ಖುಷಿ. ಝಂಡಾ ಹೂಡಿದರೆ ಹೊಟ್ಟೆ ಹುಣ್ಣು ಮಾಡ್ತದೆ, ಕಿಡ್ನಿಯನ್ನೂ ಬಿಡುವುದಿಲ್ಲ.' ಆಮೇಲೆ ಕಣ್ಣೊರೆಸಿಕೊಂಡಳು. 'ಅವತ್ತು ಇಳಿದು ಅಡಗುವ ಬದಲು ಇದನ್ನೇ ಹೇಳಬೇಕಿತ್ತು ನಾನು.'

ಹೊಟ್ಟೆಯ ಹುಣ್ಣಿನಿಂದ ರಕ್ತ ಸೋರುತ್ತಿತ್ತು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಆ ಮಾತ್ರೆ ನಿಲ್ಲಿಸಿ, ಹುಣ್ಣಿಗೆ ಮದ್ದು ಕೊಟ್ಟು, ಸೊಂಟಕ್ಕೆ ವ್ಯಾಯಾಮ ಹೇಳಿಕೊಟ್ಟರು. ನಾನು ಮಾತ್ರ ರಕ್ತದ ಬಾಟಲಿಯ ಕೆಳಗೆ ಮಲಗಿ ರವಕೆಗಾಗಿ ಅಳುತ್ತಿದ್ದೆ. ಮದುವೆಗೆ ಎರಡೇ ದಿನ ಉಳಿದಿತ್ತು.

'ಕೊಕ್ಕೆ ಮಾತ್ರ ಅಲ್ಲವಾ ಬಾಕಿ? ನಾನು ಹಾಕ್ತೇನೆ,' ಎಂದಳು ಅಕ್ಕ. ಜೀವಮಾನದಲ್ಲಿ ಸೂಜಿ ಹಿಡಿದವಳಲ್ಲ.

ತಿಂಗಳ ನಂತರ ನಾನು ಅಂಗಡಿ ತೆರೆದ ದಿನವೇ ಮದುಮಗಳ ತಾಯಿ ಬಂದರು. ಕೊಕ್ಕೆಗಳೆಲ್ಲ ಉಲ್ಟಾ. ರವಕೆ ಬಿಚ್ಚಲು ಮದುಮಗಳಿಗೆ ಕತ್ತರಿಯೇ ಬೇಕಾಯಿತಂತೆ. 'ನಿನ್ನ ಕೈಯಲ್ಲಿ ಇಂಥ ಕೆಲಸವಾ?' ಎಂದು ಚೆನ್ನಾಗಿ ಬೈದರು. ನಾನು ಅಕ್ಕನ ಸುದ್ದಿ ಎತ್ತದೆ, ಒಂದೊಂದು ಬೈಗುಳವನ್ನೂ ಕೈಕಟ್ಟಿ ಕೇಳಿಸಿಕೊಂಡೆ. ಬದುಕಿ ಉಳಿದು ಬೈಸಿಕೊಳ್ಳುವುದರಲ್ಲಿ ಎಷ್ಟು ಸುಖವುಂಟೆಂದು ನನಗೆ ಅವತ್ತೇ ಗೊತ್ತಾದದ್ದು.